ಒತ್ತಿದ್ದು ಏರಿ ರಸ್ತೆ, ಸಿಕ್ಕಿದ್ದು ತಾಲ್ಲೂಕು ಗಡಿ!

ಓದುಗರ ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಸೇರಿ ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮೂರನ್ನು ಸರಿಯಾಗಿ ಬಿಡಿಸೋಣ ಅಂತ ಶುರು ಮಾಡಿದೆ. ಬ್ರೌಸರ್‌ನಲ್ಲೇ ತೆರೆಯುವ ಐಡಿ ಎಡಿಟರ್ ಬಳಸುತ್ತಿದ್ದೇವೆ. ನಮ್ಮ ಕೆರೆಯ ಏರಿ ಮೇಲೆ ಒಂದು ರಸ್ತೆ ಇದೆ. ಅದನ್ನು ಸರಿಮಾಡಲು ಹೋದರೆ ಕಷ್ಟ. ಸ್ವಲ್ಪ ಆಚೆ ಒತ್ತಿದರೆ ಕೆರೆ ಸಿಗುತ್ತದೆ, ಸ್ವಲ್ಪ ಈಚೆ ಒತ್ತಿದರೆ ತಾಲ್ಲೂಕು ಗಡಿ. ರಸ್ತೆ ಮಾತ್ರ ಸಿಗಲ್ಲ. ಕೊನೆಗೆ ಒಂದು ಚುಕ್ಕಿ ಹಿಡಿದು ಎಳೆದೆ. ಸೇವ್ ಮಾಡಿದ ಮೇಲೆ ನೋಡಿದರೆ ರಸ್ತೆ, ಕೆರೆ, ಗಡಿ ಮೂರೂ ಸರಿದಿವೆ. ನಮ್ಮ ಶಾಲೆ ಕಟ್ಟಡವೂ ಒಂದರ ಮೇಲೊಂದು ಎರಡು ಸಲ ಇತ್ತು. ಮೇಲಿನದನ್ನು ಅಳಿಸಿದೆ. ಶಾಲೆಯ ಹೆಸರು ಇದ್ದದ್ದು ಅದರಲ್ಲೇ ಅಂತ ಆಮೇಲೆ ಗೊತ್ತಾಯಿತು. ಒಬ್ಬರು 'ಲೇಯರ್ ನಂಬರ್ ಜಾಸ್ತಿ ಮಾಡಿ, ರಸ್ತೆ ಮೇಲೆ ಬರುತ್ತೆ' ಅಂದರು. ಇನ್ನೊಬ್ಬರು 'ಇದೆಲ್ಲಾ ಐಡಿಯಲ್ಲಿ ಆಗಲ್ಲ, ಜೋಸ್ಮ್ ಹಾಕಿಕೊಳ್ಳಿ' ಅಂದರು, ಅದು ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಇನ್ನೊಂದು ಎಡಿಟರ್ ಅಂತೆ. ಯಾವುದು ಸರಿ? ಮುಖ್ಯವಾಗಿ, ಎಲ್ಲರೂ ನೋಡುವ ಮ್ಯಾಪನ್ನು ನಾನು ಕೆಡಿಸಿಬಿಟ್ಟೆನಾ?

ಉತ್ತರ:

ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಉಳಿದದ್ದನ್ನು ನೆಮ್ಮದಿಯಿಂದ ಓದಬಹುದು. ಸರಿಪಡಿಸಲಾಗದಂಥದ್ದು ಏನೂ ಆಗಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಚುಕ್ಕಿಗೂ ಪ್ರತಿ ಗೆರೆಗೂ ಹಳೆಯ ಆವೃತ್ತಿಗಳು ಉಳಿದಿರುತ್ತವೆ. ನೀವು ಅಳಿಸಿದ ಶಾಲೆಯ ಹೆಸರೂ ಅಲ್ಲೇ ಇದೆ. ಸರಿಮಾಡುವ ದಾರಿ ಕೆಳಗೆ ಬರೆದಿದ್ದೇನೆ. ಆದರೆ ಅದಕ್ಕೆ ಮುಂಚೆ ಒಂದು ವಿಷಯ ಬಿಡಿಸಿಕೊಳ್ಳಬೇಕು. ನಿಮ್ಮ ಏರಿ ರಸ್ತೆಯ ತೊಂದರೆ ಬೇರೆ, ಶಾಲೆ ಕಟ್ಟಡದ ತೊಂದರೆ ಬೇರೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೇ.

ನೀವು ಮೌಸ್ ಒತ್ತಿದಾಗ ಎಡಿಟರ್ ಏನು ಮಾಡುತ್ತದೆ? ಬಾಣದ ತುದಿಯಲ್ಲಿ ಏನೇನಿದೆ ಅಂತ ಹುಡುಕುತ್ತದೆ. ಚುಕ್ಕಿ ಇದ್ದರೆ ಅದಕ್ಕೇ ಮೊದಲ ಮಣೆ. ಆಮೇಲೆ ಗೆರೆ. ಕೆರೆ, ಕಟ್ಟಡದಂಥ ಜಾಗಗಳು ಕೊನೆಗೆ. ಎರಡು ಗೆರೆ ಒಂದೇ ಕಡೆ ಇದ್ದರೆ ಯಾವುದನ್ನು ಮೇಲೆ ಬಿಡಿಸಿದೆಯೋ ಅದು ಸಿಗುತ್ತದೆ. ನೀವು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಅದಕ್ಕೆ ಗೊತ್ತಾಗುವುದಿಲ್ಲವಲ್ಲ. ಅದರ ಮೇಲೆ ಐಡಿಯಲ್ಲಿ ಕೆರೆಗೆ ಅಂಚಿನ ಉದ್ದಕ್ಕೂ ಒಂದು ಬಣ್ಣದ ಪಟ್ಟಿ ಇರುತ್ತದೆ. ಅದನ್ನು ಒತ್ತಿದರೂ ಕೆರೆ ಬಂತು. ಹಾಗಾಗಿ ಒಂದು ಕೂದಲೆಳೆ ಆಚೀಚೆ ಆದರೂ ಬೇರೆಯದು ಸಿಗುತ್ತದೆ. ನಿಮ್ಮ ಕೈ ನಡುಗಿದ್ದಲ್ಲ.

'ಹತ್ತಿರ ಝೂಮ್ ಮಾಡಿದರೆ ಸಿಗುತ್ತೆ' ಅಂತಲೂ ಯಾರಾದರೂ ಹೇಳಿರುತ್ತಾರೆ. ಎರಡು ಗೆರೆಗಳ ನಡುವೆ ನಿಜವಾಗಿ ಅಂತರ ಇದ್ದರೆ ಹೌದು. ಅಂತರವೇ ಇಲ್ಲದಿದ್ದರೆ ಎಷ್ಟು ಝೂಮ್ ಮಾಡಿದರೂ ಅಷ್ಟೇ.

ಈಗ ಲೇಯರ್ ವಿಷಯ. ಬೆಂಗಳೂರಿನ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ಡಬಲ್ ಡೆಕ್ಕರ್ ಮೇಲ್ಸೇತುವೆ ನೋಡಿರಬಹುದು, 2024ರಲ್ಲಿ ಅದರ ರಸ್ತೆ ಸಂಚಾರಕ್ಕೆ ತೆರೆಯಿತು. ಕೆಳಗೆ ಹಳೆಯ ರಸ್ತೆ, ಅದರ ಮೇಲೆ ಮೇಲ್ಸೇತುವೆ ರಸ್ತೆ, ಅದರ ಮೇಲೆ ಮೆಟ್ರೊ. ಗೆರೆಗೋ ಚುಕ್ಕಿಗೋ ಅಂಟಿಸುವ ಮಾಹಿತಿಯ ಚೀಟಿಗೆ ಟ್ಯಾಗ್ ಅನ್ನುತ್ತಾರೆ. ಲೇಯರ್ ಟ್ಯಾಗ್ ಇರುವುದು ಇಂಥ ಕಡೆಗೆ. ನೆಲದ ರಸ್ತೆಗೆ ಏನೂ ಬರೆಯುವುದಿಲ್ಲ, ಮೇಲ್ಸೇತುವೆಗೆ 1, ಮೆಟ್ರೊಗೆ 2. ಯಾವುದರ ಮೇಲೆ ಯಾವುದು ಹಾದುಹೋಗುತ್ತದೆ ಎಂದು ಹೇಳುವ ಮಾಹಿತಿ ಅದು, ನಿಮ್ಮ ಮೌಸ್‌ಗೆ ದಾರಿ ಮಾಡಿಕೊಡುವ ಗುಂಡಿ ಅಲ್ಲ. ಏರಿ ರಸ್ತೆಗೆ ಸುಮ್ನೆ 1 ಅಂತ ಬರೆದರೆ ಚಿತ್ರದಲ್ಲಿ ಮೇಲೆ ಬರಲೂಬಹುದು, ಆದರೆ ಮಣ್ಣಿನ ಏರಿಯ ಮೇಲಿರುವ ರಸ್ತೆಯನ್ನು ಗಾಳಿಯಲ್ಲಿ ನಿಲ್ಲಿಸಿದ ಹಾಗಾಗುತ್ತದೆ. ಇದರ ತಮ್ಮನೂ ಒಂದಿದೆ. ಗೆರೆಗಳು ಒಂದನ್ನೊಂದು ದಾಟುತ್ತಿವೆ ಅಂತ ಎಡಿಟರ್ ಕೊಡುವ ಎಚ್ಚರಿಕೆಯ ಬಾಯಿ ಮುಚ್ಚಿಸಲು ಹಳ್ಳ ಹೊಳೆಗಳಿಗೆಲ್ಲ ಮೈನಸ್ 1 ಬರೆದು ಹೋಗುವುದು. ಎಷ್ಟೋ ಊರುಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ದಯವಿಟ್ಟು ಮಕ್ಕಳಿಗೆ ಇದನ್ನು ಕಲಿಸಬೇಡಿ.

ಒಂದರ ಮೇಲೊಂದು ಇರುವುದರಲ್ಲಿ ಎಷ್ಟು ಥರ ಇದೆ ಎಂದು ನೋಡೋಣ. ಮೇಲೆ ಹೇಳಿದ ಮೆಟ್ರೊ ಮತ್ತು ರಸ್ತೆ ಒಂದು ಥರ. ಗೆರೆಗಳು ಒಂದನ್ನೊಂದು ದಾಟುತ್ತವೆ, ಆದರೆ ದಾಟುವಲ್ಲಿ ಎರಡಕ್ಕೂ ಸೇರಿದ ಚುಕ್ಕಿ ಇರುವುದಿಲ್ಲ, ಇರಲೂಬಾರದು. ಇದರಲ್ಲಿ ತೊಂದರೆ ಕಡಿಮೆ. ಸ್ವಲ್ಪ ದೂರ ಹೋಗಿ, ಗೆರೆ ಒಂಟಿಯಾಗಿರುವ ಕಡೆ ಒತ್ತಿದರೆ ಆಯಿತು.

ನಿಮ್ಮ ಏರಿಯದು ಅಂಟಿಕೊಂಡ ಥರ. ಯಾರೋ ಮೊದಲು ಕೆರೆ ಬಿಡಿಸಿದರು. ಇನ್ನೊಬ್ಬರು ರಸ್ತೆ ಬಿಡಿಸುವಾಗ ಕೆರೆಯ ಅಂಚಿನ ಚುಕ್ಕಿಗಳ ಮೇಲೇ ಒತ್ತುತ್ತಾ ಹೋದರು. ಗಡಿ ಬಿಡಿಸಿದವರೂ ಹಾಗೇ ಮಾಡಿದರು. ಈಗ ಚುಕ್ಕಿ ಒಂದೇ, ಅದನ್ನು ಹಂಚಿಕೊಂಡವರು ಮೂರು ಜನ. ಚುಕ್ಕಿ ಎಳೆದರೆ ಮೂರೂ ಬರುತ್ತವೆ. ನಿಮಗೆ ಆದದ್ದು ಇದೇ.

ಶಾಲೆ ಕಟ್ಟಡದ್ದು ನಕಲಿನ ಥರ. ಅಲ್ಲಿ ಹಂಚಿಕೆ ಏನೂ ಇಲ್ಲ. ಎರಡು ಬೇರೆ ಬೇರೆ ಕಟ್ಟಡಗಳು, ಬೇರೆ ಬೇರೆ ಚುಕ್ಕಿಗಳು, ಒಂದೇ ಜಾಗದಲ್ಲಿ ಕೂತಿವೆ. ಹೇಗೆ ಬರುತ್ತವೆ ಇವು? ಇಬ್ಬರು ಒಂದೇ ಊರನ್ನು ಒಂದೇ ಹೊತ್ತಿಗೆ ಬಿಡಿಸಿರಬಹುದು. ಆಗ ಎರಡೂ ತುಸು ಆಚೀಚೆ ಇರುತ್ತವೆ. ಎರಡೂ ಪಕ್ಕಾ ಒಂದೇ ಕಡೆ ಇದ್ದರೆ ನನಗೆ ಅನುಮಾನ ಬರುವುದು ನೆಟ್‌ವರ್ಕ್ ಮೇಲೆ. ಅಪ್‌ಲೋಡ್ ಒತ್ತಿದ್ದಾರೆ, ಸರ್ವರ್ ತೆಗೆದುಕೊಂಡಿದೆ, ಆದರೆ 'ಆಯಿತು' ಎನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಗಿದೆ. ಆಗಿಲ್ಲ ಅಂದುಕೊಂಡು ಮತ್ತೆ ಅಪ್‌ಲೋಡ್ ಒತ್ತಿದ್ದಾರೆ. ಎಲ್ಲವೂ ಎರಡೆರಡು. ಶಾಲೆ ಒಂದೇ ಅಲ್ಲ, ಅಕ್ಕಪಕ್ಕದ ಮನೆಗಳೂ ಜೋಡಿಯಾಗಿವೆಯಾ ನೋಡಿ.

ಗಡಿಗಳದ್ದು ಇನ್ನೊಂದು ಬಗೆ. ಹೊಗೇನಕಲ್ ಹತ್ತಿರ ಕಾವೇರಿಯೇ ಕರ್ನಾಟಕಕ್ಕೂ ತಮಿಳುನಾಡಿಗೂ ಗಡಿ. ಅಲ್ಲಿ ಗಡಿಯ ಗೆರೆ ಒಂದೇ ಇದ್ದು, ಎರಡೂ ರಾಜ್ಯಗಳಿಗೆ, ಆಚೆ ಈಚೆಯ ಜಿಲ್ಲೆಗಳಿಗೆ ಸದಸ್ಯ ಆಗಿರುತ್ತದೆ. ಹೀಗೆ ಸದಸ್ಯರನ್ನು ಒಟ್ಟು ಸೇರಿಸುವ ಗುಂಪಿಗೆ ರಿಲೇಷನ್ ಅನ್ನುತ್ತಾರೆ. ಎರಡು ತಾಲ್ಲೂಕುಗಳ ಮಧ್ಯದ ಗೆರೆಯೂ ಹಾಗೇ. ನೋಡಲು ಒಂದು ಗೆರೆ, ಅದರ ಮೇಲೆ ನಿಂತವರು ಹಲವರು. ಇಲ್ಲಿ ನಕಲು ಅಂತ ತಿಳಿದು ಏನನ್ನೂ ಅಳಿಸಬಾರದು.

ನಿಮ್ಮ ಮುಂದೆ ಇರುವುದು ಯಾವ ಥರ ಎಂದು ತಿಳಿಯುವುದು ಸುಲಭ. ಐಡಿಯಲ್ಲಿ ಒಂಟಿ ಚುಕ್ಕಿ ಬಿಳಿಯಾಗಿರುತ್ತದೆ, ಹಂಚಿಕೊಂಡ ಚುಕ್ಕಿ ಬೂದು ಬಣ್ಣದಲ್ಲಿ ಇರುತ್ತದೆ. ಗೆರೆಯ ಉದ್ದಕ್ಕೂ ಬೂದು ಚುಕ್ಕಿಗಳ ಸಾಲು ಕಂಡರೆ ಅಂಟಿಸಿದ್ದಾರೆ ಎಂದೇ ಅರ್ಥ. ಅನುಮಾನ ಉಳಿದರೆ ಒಂದು ಚುಕ್ಕಿಯನ್ನು ಚೂರು ಎಳೆದು ನೋಡಿ. ಎರಡೂ ಬಂದರೆ ಅಂಟು, ಒಂದೇ ಬಂದರೆ ಕೆಳಗೆ ಇನ್ನೊಂದು ನಕಲು ಇದೆ. ನೋಡಿದ ತಕ್ಷಣ ಕಂಟ್ರೋಲ್ ಝಡ್ ಒತ್ತಿ ವಾಪಸ್ ಮಾಡಿ. ಇದನ್ನು ಮರೆತು ಸೇವ್ ಮಾಡುವವರೇ ಜಾಸ್ತಿ.

ಸರಿ, ಈಗ ಆ ರಸ್ತೆಯನ್ನು ಹಿಡಿಯುವುದು ಹೇಗೆ?

ಐಡಿಯಲ್ಲಿ ಆಗಲ್ಲ ಅನ್ನುವ ಮಾತು ಪೂರ್ತಿ ನಿಜವಲ್ಲ. ಎಫ್ ಒತ್ತಿದರೆ ಬಲಗಡೆ ಮ್ಯಾಪ್ ಡೇಟಾ ಅನ್ನುವ ಪಟ್ಟಿ ತೆರೆಯುತ್ತದೆ. ಅಲ್ಲಿ ಗಡಿಗಳು, ನೀರು, ಕಟ್ಟಡ ಹೀಗೆ ಬೇಡದ್ದರ ಟಿಕ್ ತೆಗೆದರೆ ಅವು ಕಣ್ಣಿಂದ ಮರೆಯಾಗುತ್ತವೆ, ಕ್ಲಿಕ್‌ಗೂ ಸಿಗುವುದಿಲ್ಲ. ರಸ್ತೆ ಒಂದೇ ಉಳಿಯುತ್ತದೆ. ಆದರೆ ಅಂಟಿಕೊಂಡ ರಸ್ತೆಯನ್ನು ಹೀಗೆ ಹಿಡಿದು ಎಳೆಯಲು ಹೋದರೆ 'ಮರೆಯಾಗಿರುವ ಒಂದಕ್ಕೆ ಸೇರಿಕೊಂಡಿದೆ, ಸರಿಸಲಾಗದು' ಅಂತ ಐಡಿ ತಡೆಯುತ್ತದೆ. ಸಿಟ್ಟು ಬರುತ್ತದೆ, ಆದರೆ ಅದು ನಿಮ್ಮ ಒಳ್ಳೆಯದಕ್ಕೇ. ರಸ್ತೆಯ ಹೆಸರು, ಡಾಂಬರೋ ಮಣ್ಣೋ ಎನ್ನುವುದು, ಇಂಥ ಟ್ಯಾಗ್ ತುಂಬಲು ಮಾತ್ರ ಈ ದಾರಿ ಸಾಕು.

ನನಗೆ ಹಿಡಿಸಿದ್ದು ಕೀಬೋರ್ಡ್ ದಾರಿ. ಮೂರಕ್ಕೂ ಸೇರಿದ ಒಂದು ಬೂದು ಚುಕ್ಕಿಯನ್ನು ಬೇಕಂತಲೇ ಒತ್ತಿ. ಈಗ ಬ್ಯಾಕ್‌ಸ್ಲ್ಯಾಶ್ ಒತ್ತಿ, ಸಾಮಾನ್ಯವಾಗಿ ಎಂಟರ್ ಕೀಗೆ ಮೇಲೆ ಇರುತ್ತದೆ. ಒತ್ತಿದ ಹಾಗೆಲ್ಲ ಆ ಚುಕ್ಕಿಯನ್ನು ಹಂಚಿಕೊಂಡ ಗೆರೆಗಳು ಸರದಿಯ ಮೇಲೆ ಹೊಳೆಯುತ್ತವೆ. ಕೆರೆ, ಗಡಿ, ರಸ್ತೆ. ರಸ್ತೆ ಹೊಳೆದಾಗ ಕಂಟ್ರೋಲ್ ಹಿಡಿದು ಮೇಲ್ಬಾಣದ ಕೀ ಒತ್ತಿ. ರಸ್ತೆಯೇ ಸೆಲೆಕ್ಟ್ ಆಗುತ್ತದೆ. ಎಡಗಡೆ ಪಟ್ಟಿಯಲ್ಲಿ ಅದರ ಬಗೆ, ಹೆಸರು ಬರುತ್ತದೆ. ಅದನ್ನು ಓದಿದ ಮೇಲೇ ಮುಂದಿನ ಕೆಲಸ.

ನಕಲು ಕಟ್ಟಡಕ್ಕೆ ಇದು ನಡೆಯುವುದಿಲ್ಲ, ಅಲ್ಲಿ ಹಂಚಿದ ಚುಕ್ಕಿಯೇ ಇಲ್ಲವಲ್ಲ. ಅದಕ್ಕೆ ಎಡಗಡೆಯ ಹುಡುಕುವ ಜಾಗ ಇದೆ, ಕಂಟ್ರೋಲ್ ಎಫ್. ಅಲ್ಲಿ ಶಾಲೆಯ ಹೆಸರನ್ನೋ 'ಬಿಲ್ಡಿಂಗ್' ಅಂತ ಇಂಗ್ಲಿಷಿನಲ್ಲೋ ಟೈಪ್ ಮಾಡಿದರೆ ಪರದೆಯಲ್ಲಿ ಇರುವವು ಸಾಲಾಗಿ ಬರುತ್ತವೆ. ಹೆಸರಿನ ಮೇಲೆ ಬಾಣ ಇಟ್ಟರೆ ಮ್ಯಾಪಿನಲ್ಲಿ ಅದು ಹೊಳೆಯುತ್ತದೆ. ಒಂದೇ ಜಾಗ ಎರಡು ಸಲ ಹೊಳೆದರೆ ಜೋಡಿ ಸಿಕ್ಕಿತು. ಇನ್ನು ಬಣ್ಣ ತುಂಬಿದ ಜಾಗಗಳು ಅಡ್ಡ ಬಂದರೆ ಡಬ್ಲ್ಯೂ ಒತ್ತಿ, ಬಣ್ಣ ಹೋಗಿ ಬರೀ ಗೆರೆ ಉಳಿಯುತ್ತದೆ.

ಜೋಸ್ಮ್ ಈ ಕೆಲಸಕ್ಕೆ ಹೆಚ್ಚು ಪಳಗಿದ್ದು, ಒಪ್ಪುತ್ತೇನೆ. ಐಡಿ ಬಂದದ್ದು 2013ರಲ್ಲಿ, ಜೋಸ್ಮ್ ಅದಕ್ಕಿಂತ ಹಳೆಯದು. ಅದರಲ್ಲಿ ಕೆರೆಯ ಒಳಗೆ ಒತ್ತಿದರೆ ಕೆರೆ ಸಿಗುವುದಿಲ್ಲ, ಅಂಚನ್ನೇ ಒತ್ತಬೇಕು. ಅರ್ಧ ತಲೆನೋವು ಅಲ್ಲಿಗೇ ಹೋಯಿತು. ಆಲ್ಟ್ ಹಿಡಿದು ಒಂದೇ ಕಡೆ ಒತ್ತುತ್ತಾ ಹೋದರೆ ಅಲ್ಲಿರುವವು ಒಂದಾದ ಮೇಲೊಂದು ಸೆಲೆಕ್ಟ್ ಆಗುತ್ತವೆ. ಮೌಸ್‌ನ ನಡುವಿನ ಚಕ್ರವನ್ನು ಒತ್ತಿ ಹಿಡಿದರೆ ಅಲ್ಲಿ ಏನೇನಿದೆ ಎಂಬ ಪಟ್ಟಿಯೇ ಬರುತ್ತದೆ. ಹಾಗೇ ಕಂಟ್ರೋಲ್ ಹಿಡಿದರೆ ಆ ಪಟ್ಟಿ ನಿಲ್ಲುತ್ತದೆ, ಬೇಕಾದ್ದನ್ನು ಅದರಲ್ಲೇ ಆರಿಸಬಹುದು. ಲ್ಯಾಪ್‌ಟಾಪ್‌ನಲ್ಲಿ ಚಕ್ರ ಇರುವುದಿಲ್ಲ, ಆಲ್ಟ್ ದಾರಿಯೇ ಗತಿ. ಶಾಲೆಯ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಇದ್ದರೆ ಆಲ್ಟ್ ಹಿಡಿದು ಎಳೆದಾಗ ವಿಂಡೋನೇ ಸರಿಯಬಹುದು. ಅದು ಜೋಸ್ಮ್ ತಪ್ಪಲ್ಲ, ಡೆಸ್ಕ್‌ಟಾಪ್ ಸೆಟ್ಟಿಂಗ್‌ನಲ್ಲಿ ಆ ಕೀಯನ್ನು ಬದಲಿಸಿಕೊಳ್ಳಬೇಕು.

ಜೋಸ್ಮ್‌ನ ಇನ್ನೊಂದು ಗುಟ್ಟು ಅದರ ಹುಡುಕಾಟ. ಒಂದು ಚುಕ್ಕಿ ಸೆಲೆಕ್ಟ್ ಮಾಡಿ, ಕಂಟ್ರೋಲ್ ಎಫ್ ಒತ್ತಿ, ಇಂಗ್ಲಿಷಿನಲ್ಲಿ 'ಪೇರೆಂಟ್ ಸೆಲೆಕ್ಟೆಡ್' ಎಂದು ಬರೆದರೆ ಆ ಚುಕ್ಕಿಯನ್ನು ಬಳಸುವ ಎಲ್ಲವೂ ಸಿಗುತ್ತವೆ. ಯಾರು ಯಾರಿಗೆ ಅಂಟಿದ್ದಾರೆ ಎನ್ನುವ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇರೆ ಇಲ್ಲ.

ಹಿಡಿದದ್ದಾಯಿತು. ಬಿಡಿಸುವುದರಲ್ಲಿ ಅಪಾಯ ಇದೆ, ಇಲ್ಲಿ ನಿಧಾನ ಮಾಡಿ. ಐಡಿಯಲ್ಲಿ ಒಂದು ಗೆರೆ ಸೆಲೆಕ್ಟ್ ಮಾಡಿ ಡಿ ಒತ್ತಿದರೆ ಅದು ಬೇರೆಲ್ಲದರಿಂದ ಬಿಡಿಸಿಕೊಳ್ಳುತ್ತದೆ. ಬೇರೆಲ್ಲದರಿಂದ ಅನ್ನುವುದನ್ನು ಗಮನಿಸಿ. ರಸ್ತೆ ಸೆಲೆಕ್ಟ್ ಮಾಡಿ ಡಿ ಒತ್ತಿದರೆ ಕೆರೆಯಿಂದ ಬಿಡುತ್ತದೆ, ಜೊತೆಗೆ ಅದಕ್ಕೆ ಬಂದು ಸೇರುವ ಬೀದಿಗಳಿಂದಲೂ ಬಿಡುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಫೋನಿನಲ್ಲಿ ದಾರಿ ಕೇಳಿದವರಿಗೆ ಏರಿ ರಸ್ತೆಗೆ ಹತ್ತಲು ದಾರಿಯೇ ಇಲ್ಲ ಎಂದಾಗುತ್ತದೆ. ಗಡಿ ಸೆಲೆಕ್ಟ್ ಮಾಡಿ ಡಿ ಒತ್ತಲೇಬೇಡಿ. ಪಕ್ಕದ ಗಡಿ ತುಂಡುಗಳಿಂದ ಕಳಚಿಕೊಂಡರೆ ತಾಲ್ಲೂಕಿನ ಸುತ್ತುಗೆರೆ ಬಾಯಿ ಬಿಡುತ್ತದೆ. ಆಮೇಲೆ ಆ ತಾಲ್ಲೂಕಿನ ಒಳಗೆ ಏನಿದೆ ಅಂತ ಯಾವ ಆ್ಯಪ್ ಹುಡುಕಿದರೂ ಸರಿಯಾದ ಉತ್ತರ ಬರುವುದಿಲ್ಲ.

ಹಾಗಾಗಿ ಡಿ ಒತ್ತಬೇಕಾದದ್ದು ಕೆರೆಯ ಮೇಲೆ. ಅದು ತನ್ನಷ್ಟಕ್ಕೆ ತಾನು ಮುಚ್ಚಿಕೊಂಡ ಆಕಾರ, ಹಾನಿ ಕಡಿಮೆ. ಕೆರೆಗೆ ಬರುವ ಕಾಲುವೆ, ತೂಬಿನಿಂದ ಹೊರಡುವ ನಾಲೆ ಇದ್ದರೆ ಅವನ್ನು ಮಾತ್ರ ಆಮೇಲೆ ಮತ್ತೆ ಜೋಡಿಸಿ. ಬಿಡಿಸಿದ ಮೇಲೂ ಕೆರೆಯ ಚುಕ್ಕಿಗಳು ರಸ್ತೆಯ ಚುಕ್ಕಿಗಳ ಮೇಲೇ ಕೂತಿರುತ್ತವೆ. ಒಂದೊಂದನ್ನೇ ನೀರಿನ ಕಡೆಗೆ ಎಳೆಯಿರಿ. ಎಳೆಯುವಾಗ ಆಲ್ಟ್ ಹಿಡಿದುಕೊಳ್ಳಿ, ಇಲ್ಲದಿದ್ದರೆ ಪಕ್ಕದ ಗೆರೆಗೆ ಮತ್ತೆ ಅಂಟಿಕೊಳ್ಳುತ್ತದೆ. ರಸ್ತೆಗೂ ಗಡಿಗೂ ಇರುವ ಅಂಟನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಬೇಕು. ಚುಕ್ಕಿ ಒತ್ತಿ, ಶಿಫ್ಟ್ ಹಿಡಿದು ರಸ್ತೆಯನ್ನೂ ಸೇರಿಸಿ, ಆಮೇಲೆ ಡಿ. ಆಗ ಆ ಜಾಗದಲ್ಲಿ ರಸ್ತೆ ಮಾತ್ರ ಬಿಡಿಸಿಕೊಳ್ಳುತ್ತದೆ. ಬೇರೆ ಬೀದಿ ಬಂದು ಸೇರುವ ಚುಕ್ಕಿ ಇದ್ದರೆ ಅದನ್ನು ಮುಟ್ಟಬೇಡಿ. ಜೋಸ್ಮ್‌ನಲ್ಲಿ ಇದೇ ಕೆಲಸಕ್ಕೆ ಚುಕ್ಕಿ ಮತ್ತು ಗೆರೆ ಎರಡನ್ನೂ ಆರಿಸಿ ಜಿ ಒತ್ತುತ್ತಾರೆ.

ಇಷ್ಟೆಲ್ಲಾ ಯಾಕೆ, ಅಂಟಿಕೊಂಡೇ ಇದ್ದರೆ ಏನಂತೆ ಅಂತ ಕೇಳಬಹುದು. ಮ್ಯಾಪ್ ಮಾಡುವವರಲ್ಲೇ ಇದಕ್ಕೆ ಎರಡು ಪಕ್ಷ ಇದೆ. ನನ್ನ ಪಕ್ಷ ಇದು: ನೆಲದ ಮೇಲೆ ಬೇರೆ ಬೇರೆ ಇದ್ದರೆ ಮ್ಯಾಪಿನಲ್ಲೂ ಬೇರೆ ಇರಲಿ. ಏರಿಯ ಮೇಲಿನ ರಸ್ತೆಯ ನಡುಗೆರೆ ನೀರಿನ ಅಂಚಲ್ಲ, ನಡುವೆ ಕಲ್ಲು ಕಟ್ಟಿದ ಇಳಿಜಾರು ಇರುತ್ತದೆ. ನೀರಿನ ಅಂಚಾದರೂ ನಿಂತಲ್ಲಿ ನಿಲ್ಲುತ್ತದಾ? ಬೇಸಿಗೆಯಲ್ಲಿ ತೆಗೆದ ಉಪಗ್ರಹ ಚಿತ್ರ ನೋಡಿ ಬಿಡಿಸಿದರೆ ಕೆರೆ ಅರ್ಧ, ಮಳೆಗಾಲ ಮುಗಿದ ಮೇಲಿನ ಚಿತ್ರದಲ್ಲಿ ಪೂರ್ತಿ. ಯಾರೋ ಒಬ್ಬರು ಕೆರೆಯನ್ನು ಹೊಸ ಚಿತ್ರಕ್ಕೆ ಹೊಂದಿಸಿದರೆ ತಾಲ್ಲೂಕು ಗಡಿಯೂ ಅದರ ಹಿಂದೆ ಹೋಗಬಾರದು. ಗಡಿ ಸರ್ವೆ ಲೆಕ್ಕದ್ದು. ಅದನ್ನು ಉಪಗ್ರಹ ಚಿತ್ರ ನೋಡಿ ಸರಿಸುವಂತಿಲ್ಲ. ಅದೇ ಎರಡು ತಾಲ್ಲೂಕು ಒಂದೇ ಗಡಿ ಗೆರೆಯನ್ನು ಹಂಚಿಕೊಳ್ಳುವುದು ಸರಿಯಾದ ಹಂಚಿಕೆ, ಅದನ್ನು ಬಿಡಿಸಬೇಡಿ.

ಈಗ ಆಗಿಹೋದದ್ದಕ್ಕೆ ಬರೋಣ. ಐಡಿಯಲ್ಲಿ ಸೇವ್ ಆದ ಮೇಲೆ ಕಂಟ್ರೋಲ್ ಝಡ್ ಕೆಲಸ ಮಾಡುವುದಿಲ್ಲ. ಒಂದೇ ಚುಕ್ಕಿ ಎಳೆದದ್ದು ಎನ್ನುತ್ತೀರಿ. ಕೈಯಿಂದ ಹಿಂದಕ್ಕೆ ಎಳೆಯಬಹುದು, ಆದರೆ ಅಂದಾಜು ಆಗುತ್ತದೆ. ರಸ್ತೆಗೆ ಅಂದಾಜು ಸಾಕು, ಗಡಿಗೆ ಸಾಲದು. ಜೋಸ್ಮ್‌ನಲ್ಲಿ ರಿವರ್ಟರ್ ಅನ್ನುವ ಪ್ಲಗಿನ್ ಹಾಕಿಕೊಂಡು, ನಿಮ್ಮ ಚೇಂಜ್‌ಸೆಟ್ (ಒಂದು ಸಲ ಸೇವ್ ಮಾಡಿದ ಬದಲಾವಣೆಗಳ ಕಟ್ಟು) ನಂಬರ್ ಕೊಟ್ಟರೆ ಹಳೆಯ ಸ್ಥಿತಿ ವಾಪಸ್ ಬರುತ್ತದೆ. ಇಡೀ ಚೇಂಜ್‌ಸೆಟ್ ತಿರುಗಿಸಿದರೆ ಅದರಲ್ಲೇ ಮಕ್ಕಳು ಸೇರಿಸಿದ ಬೀದಿಗಳೂ ಹೋಗುತ್ತವೆ. ಆದ್ದರಿಂದ ಆ ಚುಕ್ಕಿಯನ್ನು ಮಾತ್ರ ಆರಿಸಿ ತಿರುಗಿಸಿ, ಪ್ಲಗಿನ್‌ನಲ್ಲಿ ಆ ಅವಕಾಶ ಇದೆ. ನಿಮ್ಮ ನಂತರ ಬೇರೆಯವರು ಅದೇ ಚುಕ್ಕಿ ಮುಟ್ಟಿದ್ದರೆ ಘರ್ಷಣೆ ಇದೆ ಅಂತ ಕೇಳುತ್ತದೆ. ಆಗ ಅವರು ಮಾಡಿದ್ದನ್ನು ಮೊದಲು ನೋಡಿ, ಅವರೇ ಸರಿಮಾಡಿರಲೂಬಹುದು.

ಶಾಲೆಯದು ಇನ್ನೂ ಸುಲಭ. ಆ ಚೇಂಜ್‌ಸೆಟ್ ಪುಟದಲ್ಲಿ ಅಳಿಸಿದ ಕಟ್ಟಡದ ಕೊಂಡಿ ಇರುತ್ತದೆ. ಅದರ ಇತಿಹಾಸ ತೆರೆದರೆ ಹೆಸರು, ಕನ್ನಡದ ಹೆಸರು, ಏನೇನಿತ್ತೋ ಎಲ್ಲಾ ಕಾಣುತ್ತದೆ. ಉಳಿದಿರುವ ಕಟ್ಟಡಕ್ಕೆ ಅವನ್ನು ಬರೆಯಿರಿ, ಮುಗಿಯಿತು. ಅಕ್ಕಪಕ್ಕ ಇನ್ನೂ ಜೋಡಿಗಳಿದ್ದರೆ ಈ ಸಲ ಅಳಿಸುವ ಮುಂಚೆ ಎರಡರ ಟ್ಯಾಗ್‌ಗಳನ್ನೂ ನೋಡಿ. ಗುರುತಿನ ನಂಬರ್ ಚಿಕ್ಕದಿರುವುದು ಹಳೆಯದು, ಇತಿಹಾಸ ಅದಕ್ಕೇ ಜಾಸ್ತಿ, ಅದನ್ನು ಉಳಿಸಿಕೊಳ್ಳುವುದು ವಾಡಿಕೆ. ಹೊಸದರ ಟ್ಯಾಗ್‌ಗಳನ್ನು ಹಳೆಯದಕ್ಕೆ ಕೊಟ್ಟು, ಹೊಸದನ್ನು ಅಳಿಸಿ. ಜೋಸ್ಮ್‌ನಲ್ಲಾದರೆ ಕಂಟ್ರೋಲ್ ಸಿ, ಕಂಟ್ರೋಲ್ ಶಿಫ್ಟ್ ವಿ. ಊರೆಲ್ಲಾ ಜೋಡಿಯಾಗಿದ್ದರೆ ಶಿಫ್ಟ್ ವಿ ಒತ್ತಿ ವ್ಯಾಲಿಡೇಟರ್ ಓಡಿಸಿ, ನಕಲುಗಳನ್ನು ಅದೇ ಪಟ್ಟಿ ಮಾಡಿಕೊಡುತ್ತದೆ. ಅಲ್ಲಿ 'ಫಿಕ್ಸ್' ಅನ್ನುವ ಗುಂಡಿ ಕೈ ಬೀಸಿ ಕರೆಯುತ್ತದೆ. ಒಂದೊಂದಾಗಿ ನೋಡದೆ ಒತ್ತಬೇಡಿ.

ಮಕ್ಕಳಿಗೆ ಐಡಿಯೇ ಸಾಕು, ಜೋಸ್ಮ್ ನಿಮ್ಮ ಕಂಪ್ಯೂಟರ್‌ನಲ್ಲಿ ಇರಲಿ. ಸೇವ್ ಮಾಡುವ ಮುಂಚೆ ಬದಲಾದವುಗಳ ಪಟ್ಟಿಯನ್ನು ಐಡಿ ತೋರಿಸುತ್ತದೆ, ಅದನ್ನು ಜೋರಾಗಿ ಓದಿಸಿ. ರಸ್ತೆ ಒಂದನ್ನು ಮುಟ್ಟಿದ ಹುಡುಗನ ಪಟ್ಟಿಯಲ್ಲಿ ಕೆರೆಯೋ ಗಡಿಯೋ ಬಂದರೆ ಅಲ್ಲೇ ನಿಲ್ಲಿಸಿ. ಗಡಿ ತಿರುಗಿಸುವುದು ನಿಮ್ಮಿಂದ ಆಗದಿದ್ದರೆ ಆ ಚೇಂಜ್‌ಸೆಟ್ ಪುಟದಲ್ಲೇ ಒಂದು ಟಿಪ್ಪಣಿ ಬರೆಯಿರಿ: ಯಾವ ಚುಕ್ಕಿ ಸರಿಯಿತು, ಯಾವುದು ಹಾಗೇ ಉಳಿಯಬೇಕು. ಆಮೇಲೆ ಆ ಪುಟದ ಕೊಂಡಿಯನ್ನು ಭಾರತದ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಗಕ್ಕೆ ಕಳಿಸಿದರೆ, ಗೊತ್ತಿದ್ದವರು ತಿರುಗಿಸಿ ಕೊಡುತ್ತಾರೆ.